ಎರಡು ಕಟ್ಟೆಗಳ ನಡುವೆ ಒಂದು ಫ್ರಾಕು

ಧಾರವಾಡ, ಫೆಬ್ರವರಿ ೩೧, ೨೪೧೧

ಹೆಸರು ಹಾಕದೆ ಪದ್ಯ ಬರೆದ ಕವಿಗೆ, ನೀಲಗಂಗಾ ಮಾಡುವ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನನ್ನ ಕೆಲವು ಮಾತು ನಿಮ್ಮ ನಿಘಂಟಿನಲ್ಲೂ ಇರಲಾರವು. ಕ್ಷಮಿಸಿ. ಸಭೆಯಿಂದ ಓಡಿಬಂದಿದ್ದೇನೆ, ಏದುಸಿರು ಇನ್ನೂ ನಿಂತಿಲ್ಲ. ನಿಮ್ಮ ಪದ್ಯ ಗೆದ್ದಿತು!

ನಿಮ್ಮ ಕಾಲದ ವಿಮರ್ಶಕರು ರಮ್ಯ, ಅಭಿಜಾತ ಎಂದು ಜಗಳವಾಡಿ, ಚಹಾ ಕುಡಿದು ಮನೆಗೆ ಹೋಗುತ್ತಿದ್ದರಂತೆ. ನಮ್ಮ ಹಿರಿಯರು ಗೋಡೆಯನ್ನೇ ಎಬ್ಬಿಸಿದರು. ಈಗ ಊರಿಗೆ ಎರಡು ಕಟ್ಟೆ. ಕಟ್ಟೆ ಎಂದರೆ ಪದ್ಯ ಕಲಿಸುವ ಶಾಲೆ. ಉಕ್ಕಿಬಂದ ಭಾವವೇ ಕಾವ್ಯ ಎನ್ನುವವರದು ರಮ್ಯಕಟ್ಟೆ. ಹದ, ಅಳತೆ, ಸಂಯಮ ಎನ್ನುವವರದು ಅಭಿಜಾತಕಟ್ಟೆ. ಒಂದರ ಪದ್ಯ ಇನ್ನೊಂದರವರ ಕಿವಿಗೆ ಬೀಳಬಾರದು, ಮನೆಯಲ್ಲೂ. ನಾನು ರಮ್ಯಕಟ್ಟೆಯ ವಿಮರ್ಶಕಿ. ನನ್ನ ಮಗಳು ಶಾಂಭವಿ, ಮಹಾ ಹಟಮಾರಿ, ಅಭಿಜಾತಕಟ್ಟೆ ಸೇರಿದಳು. ಅಂದಿನಿಂದ ಊಟಕ್ಕೆ ಕೂತರೆ ನಮ್ಮ ಮಾತು ಪಲ್ಯದ ಉಪ್ಪು ದಾಟುವುದಿಲ್ಲ.

ಅಷ್ಟರಲ್ಲಿ ಹಳೆಯ ಪುಸ್ತಕವೊಂದರಲ್ಲಿ ನಿಮ್ಮ ಪದ್ಯ ಸಿಕ್ಕಿತು. ತೀರಿಹೋದ ಮಗುವಿನ ಫ್ರಾಕನ್ನು ತಾಯಿ ಒಗೆದು ಒಣಹಾಕುತ್ತಾಳೆ, ಅಷ್ಟೆ. ಎದೆ ಒಡೆಯದೆ ಇದನ್ನು ಬರೆಯಲಾಗದು, ನಮ್ಮದು ಎಂದೆ ನಾನು. ಒಂದು ಹನಿ ಕಣ್ಣೀರಿಲ್ಲ, ನಮ್ಮದು ಎಂದರು ಅಭಿಜಾತಕಟ್ಟೆಯ ಗುರುಸಿದ್ದಪ್ಪ ಮುಳಗುಂದ. ಯಾರದೆಂದು ಊರ ಹಿರಿಯರ ಸಭೆಯೇ ತೀರ್ಮಾನಿಸಬೇಕಾಯಿತು. ನಾನು ಗೆದ್ದರೆ ಮಗಳು ಅದನ್ನು ಕೇಳುವಂತಿಲ್ಲ. ಸೋತರೆ ನಾನು ಹೇಳುವಂತಿಲ್ಲ.

ವಾದಕ್ಕೆ ಮುಂಚೆ ಇಬ್ಬರೂ ಪದ್ಯವನ್ನು ಬಾಯಿಪಾಠ ಒಪ್ಪಿಸಬೇಕು, ಅದು ನಮ್ಮ ಪದ್ಧತಿ. ಗುರುಸಿದ್ದಪ್ಪನವರು ಗತ್ತಿನಿಂದಲೇ ಶುರುಮಾಡಿದರು. ಫ್ರಾಕಿನ ತೋಳನ್ನು ತಾಯಿ ಎಳೆದು ನೆಟ್ಟಗೆ ಮಾಡುವ ಸಾಲಿಗೆ ಬಂದು ನಿಂತುಬಿಟ್ಟರು. ಆ ಬಿಗಿ ಮನುಷ್ಯ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು! ನಾನು ಒಳಗೊಳಗೇ ಕುಣಿದೆ. ನನ್ನ ಸರದಿ ಬಂತು, ಮೈಮರೆತು ಹೇಳುತ್ತಿದ್ದೆ. ಹಿಂದಿನ ಸಾಲಿನಿಂದ ಶಾಂಭವಿಯ ದನಿ ಕೇಳಿಸಿತು: "ಅವ್ವಾ, ತೊಡಿ ಮ್ಯಾಲೆ ತಾಳ ಹಾಕಾಕತ್ತೀಯಲ್ಲ, ಮಾತ್ರೆ ಎಣಸ್ತಿ ಏನು?" ನೋಡಿದರೆ ನನ್ನ ಕೈ ನಿಜಕ್ಕೂ ಎಣಿಸುತ್ತಿತ್ತು. ಸಭೆ ಬಿದ್ದು ಬಿದ್ದು ನಕ್ಕಿತು.

ಕವಿಯ ಪಂಥ ಗೊತ್ತಿದ್ದರೆ ಅದೇ ಅಂತಿಮ, ಗೊತ್ತಿಲ್ಲವಾದ್ದರಿಂದ ಪದ್ಯ ಇಬ್ಬರಿಗೂ ಸೇರಲಿ ಎಂದು ಹಿರಿಯರು ತೀರ್ಪು ಕೊಟ್ಟರು. ಗೋಡೆ ಎದ್ದ ಮೇಲೆ ಇದೇ ಮೊದಲು! ಈಗ ಹಿತ್ತಲಲ್ಲಿ ಶಾಂಭವಿ ಬಟ್ಟೆ ಹರವುತ್ತಾ ಅದನ್ನೇ ಹೇಳಿಕೊಳ್ಳುತ್ತಿದ್ದಾಳೆ, ನನ್ನನ್ನು ಕರೆಯುತ್ತಿದ್ದಾಳೆ.

ಒಂದೇ ಬೇಡಿಕೆ. ನೀವು ಯಾವ ಪಂಥದವರು ಎಂದು ಯಾರಾದರೂ ವಿಮರ್ಶಕರು ಕೇಳಿಯಾರು. ದಮ್ಮಯ್ಯ, ಹೇಳಬೇಡಿ. ಹೇಳಿಬಿಟ್ಟರೆ ನಾನೂ ನನ್ನ ಮಗಳೂ ಮತ್ತೆ ಉಪ್ಪಿನ ಮಾತಿಗೇ ಬರಬೇಕಾಗುತ್ತದೆ.