ಉಪ್ಪಿನ ಜಗಳ

ನವೆಂಬರ್ ೧೪, ಗುರುವಾರ

ರೋಣದ ಸಂತೆಯಲ್ಲಿ ತಂಗಿಯ ಮಗಳು ಬನಶ್ರೀ ಶೇಂಗಾ ಚಟ್ನಿ ಮಾರತೊಡಗಿದಾಗಿನಿಂದ ನನಗೆ ಒಂದೇ ಚಿಂತೆ. ಅವಳಿಗೆ ಕಣ್ಣು ಕಾಣುವುದಿಲ್ಲವೆಂದು ಜನ "ಪಾಪ" ಎನ್ನುತ್ತ ರೊಕ್ಕ ಇಟ್ಟು, ಚಟ್ನಿ ಬಿಟ್ಟು ಹೋಗುತ್ತಿದ್ದರು.

"ಮಾಮಾ, ನಾ ಅಂಗಡಿ ಇಟ್ಟೇನೋ, ಭಿಕ್ಷಾ ಬೇಡಾಕ ಕುಂತೇನೋ?" ಎಂದು ಕೇಳುತ್ತಿದ್ದಳು.

ಇಂದು, ಗಜೇಂದ್ರಗಡದಿಂದ ಸೀರೆ ಮಾರಲು ಬರುವ ರಾಜಮಾ ಎಂಬಾಕೆ ಚಟ್ನಿ ಬಾಯಿಗೆ ಹಾಕಿಕೊಂಡವಳೇ ರೇಗಿದಳು. "ಏನವಾ, ಉಪ್ಪಿನ ಚೀಲಾನ ಸುರುವೀಯೇನ? ರೇಟ ಇಳಸು!"

"ಒಂದ ಪೈಸಾನೂ ಇಳಸೂದಿಲ್ರಿ. ನಿಮ್ಮ ನಾಲಗಿನ ಕೆಟ್ಟೈತಿ!"

ಸಂತೆಯೇ ನೆರೆಯಿತು. ಇಬ್ಬರೂ ಸೋಲಲಿಲ್ಲ. ಕೊನೆಗೆ ರಾಜಮಾ ಗೊಣಗುತ್ತಲೇ ಪೂರ್ತಿ ರೊಕ್ಕ ಕೊಟ್ಟು, ಚಟ್ನಿ ಒಯ್ದಳು.

ನಮ್ಮೂರು ಯಾವಗಲ್ಲಿಗೆ ಮರಳುವ ಬಸ್ಸಿನಲ್ಲಿ ಹುಡುಗಿ ದಾರಿಯುದ್ದಕ್ಕೂ ನಕ್ಕಳು. "ಉಪ್ಪು ಖರೇನ ಜಾಸ್ತಿ ಆಗಿತ್ತು, ಮಾಮಾ. ಆಕಿ ಮತ್ತ ಬರ್ತಾಳಲ್ಲ?"

ಬರುತ್ತಾಳೆ ಎಂದೆ. ಅಡುಗೆಮನೆಯಿಂದ ಈಗಲೇ ಶೇಂಗಾ ಹುರಿಯುವ ವಾಸನೆ. ಸಂತೆಗೆ ಇನ್ನೂ ವಾರವಿದೆ, ಮಲಗವ್ವ ಎಂದರೆ ಕೇಳುವವಳಲ್ಲ...