ಪೆನ್ಸಿಲ್ಲಿನ ಇಂಟು ಮಾರ್ಕು

ದ್ವಾರಕಾ ನಗರ, ವಿಶಾಖಪಟ್ಟಣ
೧೨ ಜುಲೈ ೧೯೯೪, ಮಂಗಳವಾರ

ವಿಜಯವಾಡದಲ್ಲಿರುವ ನಮ್ಮ ಯಜಮಾನರಿಗೆ ಅನಸೂಯಾ ಮಾಡುವ ನಮಸ್ಕಾರಗಳು.

ನಿಮ್ಮ ಮೂರು ಕಾಗದಗಳೂ ತಲುಪಿದವು. ಒಂದಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಪುರುಸೊತ್ತಿರಲಿಲ್ಲ ಅಂತ ಬರೆಯೋಣವೆಂದುಕೊಂಡೆ, ಆದರೆ ನೀವು ನಗುತ್ತೀರಿ. ಒಬ್ಬಳೇ ಇರುವವಳಿಗೆ ಒಂದು ಪಾವು ಅಕ್ಕಿ ಬೇಯಿಸಿದರೆ ದಿನದ ಕೆಲಸ ಮುಗಿಯಿತು. ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದು ಹಾಕುತ್ತಿದ್ದೆ. ಇವತ್ತು ಏನೇ ಆಗಲಿ ಹರಿಯಬಾರದು ಅಂತ ಗಟ್ಟಿ ಮನಸ್ಸು ಮಾಡಿ ಕೂತಿದ್ದೇನೆ.

ಅಲ್ಲಿಯ ಬಿಸಿಲು ಇನ್ನೂ ಇಳಿದಿಲ್ಲ, ಮೆಸ್ಸಿನ ಸಾಂಬಾರು ನೀರು ನೀರು ಅಂತ ಬರೆದಿದ್ದೀರಿ. ಗೊಂಗೂರ ಪಚ್ಚಡಿ ಕೇಳಿ ಹಾಕಿಸಿಕೊಳ್ಳಿ, ಹೇಗೂ ಖಾರ ನಿಮಗಾಗುತ್ತದೆ. ಇಲ್ಲಿ ಎರಡು ದಿನ ಮಳೆ ಬಂದು ಹಿತ್ತಲ ಕಡೆಯ ಬಾಗಿಲು ಊದಿಕೊಂಡಿದೆ, ಒದ್ದರೇ ತೆಗೆಯೋದು. ಮನೆ ಓನರು ಸತ್ಯಮೂರ್ತಿಗಾರು ಬಡಗಿಯನ್ನು ಕಳಿಸುತ್ತೇನೆ ಅಂದಿದ್ದಾರೆ. ತಿಪಟೂರಿನಿಂದ ಅತ್ತೆಯವರ ಕಾರ್ಡು ಬಂದಿತ್ತು, ಮಂಡಿನೋವಂತೆ. ನಿನ್ನ ಅನಾಥಾಲಯದ ಹುಚ್ಚು ಬಿಟ್ಟಿತೋ ಇಲ್ಲವೋ ಅಂತ ಕೇಳಿದ್ದಾರೆ. ಬಿಟ್ಟಿತು ಅಂತ ನೀವೇ ಬರೆದುಬಿಡಿ.

ಮನೆ ಖಾಲಿ ಮಾಡುವ ನೋಟೀಸು, ಗ್ಯಾಸ್ ಟ್ರಾನ್ಸ್‌ಫರ್ ಫಾರಂ, ಇನ್ನೂ ಎರಡು ಹಾಳೆ ಕಳಿಸಿ, "ಇಂಟು ಮಾರ್ಕ್ ಹಾಕಿರುವ ಕಡೆಯೆಲ್ಲ ಸಹಿ ಮಾಡಿ ಕಳಿಸು" ಅಂದಿದ್ದೀರಿ. ಹನ್ನೊಂದು ವರ್ಷದಿಂದ ನಮ್ಮ ಮನೆಯ ಪದ್ಧತಿಯೇ ಇದು. ನೀವು ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಇಂಟು ಹಾಕುತ್ತೀರಿ, ನಾನು ಅದರ ಪಕ್ಕ ಸಹಿ ಮಾಡುತ್ತೇನೆ, ಆಮೇಲೆ ನೀವು ರಬ್ಬರಿನಲ್ಲಿ ಅಳಿಸುತ್ತೀರಿ. ಮದುವೆಯಾದ ಹೊಸದರಲ್ಲಿ ಒಮ್ಮೆ ಓದಲು ಹೋಗಿದ್ದೆ. "ಅಲ್ಲ ಕಣೇ, ಊರಿನವರೆಲ್ಲ ನನ್ನನ್ನು ನಂಬಿ ಸಹಿ ಹಾಕ್ತಾರೆ, ನೀನೊಬ್ಬಳು ಇನ್‌ಸ್ಪೆಕ್ಷನ್‌ಗೆ ಬಂದೆ" ಅಂತ ರೇಗಿಸಿದಿರಿ. ಆವತ್ತಿನಿಂದ ಓದಲಿಲ್ಲ. ಬಿ.ಎ. ಓದಿದವಳು ಅನ್ನೋದಷ್ಟೇ ಬಂತು. ಈ ಸಲ ಮಾತ್ರ ಒಂದಕ್ಕೂ ಸಹಿ ಮಾಡಿಲ್ಲ. ನಾಲ್ಕು ಹಾಳೆಯನ್ನೂ ಇದೇ ಲಕೋಟೆಯಲ್ಲಿ ಹಾಗೇ ವಾಪಸ್ಸು ಇಟ್ಟಿದ್ದೇನೆ.

ದುರ್ಗ ಸ್ವೀಡನ್ನಿಗೆ ಹೋದಳು. ಈ ತಿಂಗಳ ಎರಡನೇ ತಾರೀಕು, ಶನಿವಾರ.

ನಿಮಗೆ ಬ್ಯಾಂಕಿನ ಗಲಾಟೆಯಲ್ಲಿ ಮರೆತಿರಬಹುದು, ಒಂದಿಷ್ಟು ಜ್ಞಾಪಿಸುತ್ತೇನೆ. ಗಾಜುವಾಕದ "ಪುಟ್ಟಿಲ್ಲು" ಅನ್ನುವ ಮಕ್ಕಳ ಮನೆಗೆ ವಾರಕ್ಕೆ ಮೂರು ದಿನ ಪಾಠ ಹೇಳಲು ನಾನು ಹೋಗುತ್ತಿದ್ದೆನಲ್ಲ, ಮೂರು ವರ್ಷದ ಹಿಂದೆ ಅಲ್ಲಿಗೆ ಬಂದ ಮಗು ಅವಳು. ವಿಜಯವಾಡದ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಿದಳು ಅಂತ ಅಲ್ಲಿಯ ಅಮ್ಮನವರ ಹೆಸರನ್ನೇ ಇಟ್ಟಿದ್ದರು, ಕನಕದುರ್ಗ. ಆಗ ಎರಡು ವರ್ಷ. ಪುಟ್ಟಿಲ್ಲು ಅಂದರೆ ತೆಲುಗಿನಲ್ಲಿ ತವರುಮನೆ, ಅಲ್ಲಿರುವ ಒಂದು ಮಗುವಿಗೂ ತವರಿಲ್ಲ. ಮೊದಲ ದಿನವೇ ನನ್ನ ಸೆರಗು ಹಿಡಿದವಳು ಬಿಡಲಿಲ್ಲ. ಮಕ್ಕಳೆಲ್ಲ ನನ್ನನ್ನು ಬ್ಯಾಂಕಮ್ಮ ಅನ್ನುತ್ತಿದ್ದವು, ಅವಳೂ ಅಷ್ಟೇ. ಭಾನುವಾರ ಮನೆಗೆ ಬಂದರೆ ನಿಮ್ಮ ಷೂ ಒಳಗೆ ಎರಡೂ ಕಾಲಿಟ್ಟುಕೊಂಡು ಹಾಲ್ ತುಂಬ ಓಡಾಡುವಳು. ನೀವೂ ನಗುತ್ತಿದ್ದಿರಿ. ಚಕ್ಕುಲಿ ಕೊಟ್ಟರೆ "ಇನ್ನೊಂದು ಕೊಡೇ ಬ್ಯಾಂಕಮ್ಮಾ" ಅಂತ ಅಚ್ಚ ತಿಪಟೂರಿನ ಕನ್ನಡದಲ್ಲಿ ಕೇಳುವಳು. ನನ್ನ ಹತ್ತಿರವೇ ಕಲಿತದ್ದು.

ಹೋದ ಕಾರ್ತಿಕದಲ್ಲಿ ಸಿಂಹಾಚಲಂ ಬೆಟ್ಟದ ಮೆಟ್ಟಿಲ ಮೇಲೆ ಕೂತು ನಿಮ್ಮನ್ನು ಬಾಯಿಬಿಟ್ಟು ಕೇಳಿದೆ. "ರೀ, ದುರ್ಗಳನ್ನು ನಾವೇ ಇಟ್ಟುಕೊಳ್ಳೋಣ. ಹನ್ನೊಂದು ವರ್ಷ ಕಾದದ್ದು ಸಾಕು." ನೀವು ನನಗೆ ಸಂಪಿಗೆ ಕೊಡಿಸಿದಿರಿ. "ನೋಡೋಣ, ಅಮ್ಮನಿಗೆ ನಿಧಾನವಾಗಿ ಹೇಳಬೇಕು, ಯುಗಾದಿ ಕಳೆಯಲಿ" ಅಂದಿರಿ. ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಅಲ್ಲೇ ಜಗಳ ಆಡುತ್ತಿದ್ದೆ, ಊಟ ಬಿಡುತ್ತಿದ್ದೆ, ನಿಮ್ಮ ಅಮ್ಮನ ಕಾಲು ಹಿಡಿಯುತ್ತಿದ್ದೆ. ನೋಡೋಣ ಅಂದವರ ಹತ್ತಿರ ಏನಂತ ಜಗಳ ಆಡಲಿ? ಅದನ್ನೇ ನಂಬಿಕೊಂಡು ಸಂಕ್ರಾಂತಿಗೆ ಅವಳಿಗೆ ಹಸಿರು ಜರಿ ಲಂಗ ಹೊಲಿದೆ.

ಸಂಕ್ರಾಂತಿ ಆದ ವಾರದಿಂದ ಪುಟ್ಟಿಲ್ಲು ನಡೆಸುವ ದೊಡ್ಡಮ್ಮ ಸೂರ್ಯಕಾಂತಮ್ಮನವರು ಭಾನುವಾರ ಅವಳನ್ನು ಮನೆಗೆ ಕಳಿಸುವುದನ್ನೇ ನಿಲ್ಲಿಸಿದರು. ಮಗುವಿಗೆ ಶೀತ ಅಂದರು, ವ್ಯಾನು ರಿಪೇರಿ ಅಂದರು. ನನ್ನನ್ನು ಕಂಡರೆ ಮುಖ ತಿರುಗಿಸೋರು. ನಾನೇನು ತಪ್ಪು ಮಾಡಿದೆ ಅಂತ ಹೊಳೆಯಲೇ ಇಲ್ಲ. ಮಾರ್ಚಿನಲ್ಲಿ ನಿಮಗೆ ವಿಜಯವಾಡಕ್ಕೆ ವರ್ಗ ಆಯಿತು, ಬಿಸಿಲು ಇಳಿಯಲಿ, ಆಮೇಲೆ ಬರುತ್ತೇನೆ ಅಂತ ನಾನು ಇಲ್ಲೇ ಉಳಿದೆ. ಬಿಸಿಲಿಗಲ್ಲ ಅಂತ ನಿಮಗೂ ಗೊತ್ತಿತ್ತು. ಏಪ್ರಿಲ್‌ನಲ್ಲಿ ಯುಗಾದಿಯೂ ಕಳೆಯಿತು, ಸ್ವೀಡನ್ನಿನವರು ಯಾರೋ ದುರ್ಗಳನ್ನು ಒಪ್ಪಿದ್ದಾರೆ, ಕೋರ್ಟಿನಲ್ಲಿ ಕಾಗದ ಹಾಕಿದ್ದಾರೆ ಅಂತ ತಿಳಿಯಿತು. ಎಸ್‌ಟಿಡಿ ಬೂತಿನಿಂದ ನಿಮಗೆ ಫೋನ್ ಮಾಡಿ ಅತ್ತೆ. ನೀವು ಅಂದ ಮಾತು ಇದು: "ಅಯ್ಯೋ ಪಾಪ. ತಡ ಮಾಡಿಬಿಟ್ಟೆವಲ್ಲೇ. ನಾವೇ ಮೊದಲು ಕೇಳಬೇಕಿತ್ತು." ನಿಮ್ಮ ದನಿಯೂ ಒಡೆದಿತ್ತು. ನಿಮ್ಮನ್ನು ಸಮಾಧಾನ ಮಾಡಿ ನಾನು ಫೋನ್ ಇಟ್ಟೆ.

ಆ ಗಂಡಹೆಂಡಿರು ಜೂನ್ ಕೊನೆಗೆ ಬಂದರು. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ. ಒಳ್ಳೆಯವರು ಕಣ್ರೀ. ಆಕೆಯ ಹೆಸರು ಇಂಗ್ರಿಡ್, ಸ್ಕೂಲ್ ಟೀಚರಂತೆ. ಸೂರ್ಯಕಾಂತಮ್ಮನವರಿಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಮಾತು ತಿಳಿಸಲು ನನ್ನನ್ನೇ ಕರೆಸಿದರು. ನನ್ನ ಮಗುವನ್ನು ಕೊಡುವ ಮಾತಿಗೆ ನಾನೇ ದುಭಾಷಿ. ಏನು ತಿನ್ನುತ್ತಾಳೆ, ಯಾವುದಕ್ಕೆ ಹೆದರುತ್ತಾಳೆ ಅಂತ ಆಕೆ ಒಂದೊಂದೇ ಕೇಳಿ ಪುಸ್ತಕದಲ್ಲಿ ಬರೆದುಕೊಂಡಳು. ಮೊಸರನ್ನ, ಚಕ್ಕುಲಿ. ಕರೆಂಟು ಹೋದರೆ ಹೆದರುತ್ತಾಳೆ. ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯೋದನ್ನು ನಾನೇ ಹೇಳಿಕೊಟ್ಟೆ. ಮೂರು ಸಲ ಬಿಚ್ಚಿ ಮೂರು ಸಲ ಹೆಣೆದಳು, ಬೇಸರ ಮಾಡಿಕೊಳ್ಳಲಿಲ್ಲ.

ಹೊರಡುವ ಹಿಂದಿನ ದಿನ ಆಕೆ ಫೈಲು ಬಿಚ್ಚಿ ನನ್ನ ಮುಂದಿಟ್ಟಳು. ಹೊರದೇಶಕ್ಕೆ ಕೊಡುವ ಮೊದಲು ನಮ್ಮ ದೇಶದವರನ್ನು ಕೇಳಬೇಕಲ್ಲ. ಮೂರು ಮನೆಯವರಾದರೂ ಬೇಡ ಅಂತ ಬರೆದುಕೊಟ್ಟ ಕಾಗದ ಇಟ್ಟುಕೊಂಡೇ ಮುಂದಿನ ಹೆಜ್ಜೆ ಇಡೋದು ಪುಟ್ಟಿಲ್ಲಿನವರ ಕ್ರಮ. "ದೊಡ್ಡವಳಾದ ಮೇಲೆ ಈ ಫೈಲನ್ನು ಅವಳ ಕೈಗೇ ಕೊಡುತ್ತೇವೆ. ನಮ್ಮಲ್ಲಿ ಮುಚ್ಚಿಡುವುದಿಲ್ಲ. ಯಾಕೆ ಬೇಡ ಅಂದರು ಅಂತ ಅವಳು ಕೇಳಿದರೆ ನಾನು ಏನು ಹೇಳಲಿ, ಹೇಳಿಕೊಡಿ" ಅಂದಳು. ಮೊದಲನೆಯವರು ರಾಜಮಹೇಂದ್ರಿಯವರು, ಗಂಡು ಬೇಕಿತ್ತು ಅಂತ ಬರೆದಿದ್ದರು. ಎರಡನೆಯವರು ಇದೇ ಊರಿನ ಒಬ್ಬ ಎಂಜಿನಿಯರು, ಎಳೆಗೂಸಾಗಿದ್ದರೆ ಆಗುತ್ತಿತ್ತು ಅಂತ. ಆಮೇಲೆ ಮೂರನೆಯ ಹಾಳೆಯನ್ನೂ ಓದಿದೆ. ಅದನ್ನು ಕೊನೆಗೆ ಬರೆಯುತ್ತೇನೆ.

ಶನಿವಾರ ಬೆಳಿಗ್ಗೆ ದುರ್ಗ ಸಂಕ್ರಾಂತಿಯ ಹಸಿರು ಲಂಗವೇ ಬೇಕು ಅಂತ ಹಟ ಮಾಡಿ ಹಾಕಿಕೊಂಡಳು. ಕಣಕಾಲಿಗಿಂತ ಮೇಲೆ ಬಂದುಬಿಟ್ಟಿತ್ತು. ಅವಳಿಗೆ ಪೂರ್ತಿ ತಿಳಿದಿರಲಿಲ್ಲ. ಟ್ಯಾಕ್ಸಿ ಹತ್ತಿ ಕೂತು, ಪಕ್ಕದ ಜಾಗ ತಟ್ಟಿ, "ಬಾರೇ ಬ್ಯಾಂಕಮ್ಮಾ, ಇಲ್ಲಿ ಜಾಗ ಐತೆ" ಅಂದಳು. ನಾನು ಹಿಂದೆ ಬರುವ ಬಸ್ಸಿನಲ್ಲಿ ಬರುತ್ತೇನೆ ಅಂತ ಸುಳ್ಳು ಹೇಳಿದೆ. ಅವಳು ನಂಬಿದಳು. ಮನೆಗೆ ಬಂದು ನಿಮ್ಮ ಹಳೇ ಷೂ ಎರಡನ್ನೂ ಹಳೇ ಪೇಪರಿನವನಿಗೆ ಹಾಕಿಬಿಟ್ಟೆ. ಕೇಳಬೇಡಿ, ಸಿಗುವುದಿಲ್ಲ.

ಆ ಮಗು ಎಲ್ಲಿದ್ದರೂ ತಣ್ಣಗಿರಲಿ. ಕರೆಂಟು ಹೋಗದ ಊರಂತೆ, ಅದೊಂದು ಸಮಾಧಾನ. ಆಕೆ ಹೆಣೆದ ಜಡೆ ನಿಲ್ಲಲಿ. ನಿಮ್ಮನ್ನೂ ದೇವರು ಚೆನ್ನಾಗಿಟ್ಟಿರಲಿ, ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ, ಅಷ್ಟು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ.

ಇಂತಿ,
ಅನಸೂಯಾ

ಮರೆತಿದ್ದು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ.

ಮೂರನೆಯ ಹಾಳೆಯಲ್ಲಿ ಇದ್ದದ್ದು ನಿಮ್ಮ ಕೈಬರಹ. ಕಾರಣ ಅನ್ನುವ ಕಡೆ ಇಂಗ್ಲಿಷಿನಲ್ಲಿ ಮುದ್ದಾಗಿ ಬರೆದಿದ್ದೀರಿ, ಮಗುವಿನ ಬಣ್ಣ ತೀರಾ ಕಪ್ಪು, ನಮ್ಮ ಕುಟುಂಬಕ್ಕೆ ಹೊಂದುವುದಿಲ್ಲ ಅಂತ. ಅಲ್ಲಾರೀ, ನಿಮ್ಮ ಬಣ್ಣ ಯಾವುದು? ನನ್ನದು ಯಾವುದು? ನಾನು ಹೆತ್ತಿದ್ದರೂ ಅದೇ ಬಣ್ಣದ್ದೇ ಹುಟ್ಟುತ್ತಿತ್ತು. ಅಮ್ಮನಿಗೆ ಹೆದರಿದೆ ಅಂತ ಬರೆಯಲು ನಾಚಿಕೆಯಾಗಿ ಮಗುವಿನ ಮೈಮೇಲೆ ಹಾಕಿದಿರಿ.

ಕೆಳಗೆ ನಿಮ್ಮ ಸಹಿ. ಅದರ ಕೆಳಗೆ ನನ್ನದು. ತಾರೀಕು ಜನವರಿ ಹನ್ನೆರಡು. ನೆನಪಾಯಿತು. ಆವತ್ತು ನಾನು ಮೆಷಿನ್ ಮುಂದೆ ಕೂತು ಆ ಲಂಗಕ್ಕೆ ಅಂಚು ಹೊಲಿಯುತ್ತಿದ್ದೆ. ನೀವು ನಾಲ್ಕೈದು ಕಾಗದ ಒಟ್ಟಿಗೆ ಪಿನ್ ಮಾಡಿ ತಂದು, "ಬೇಗ ಮಾಡೇ, ಬ್ಯಾಂಕಿಗೆ ಹೊತ್ತಾಯ್ತು" ಅಂದಿರಿ. ದಾರ ಕಚ್ಚಿ ಹರಿದು ಸಹಿ ಮಾಡಿಕೊಟ್ಟೆ. ಇಂಟು ಮಾರ್ಕ್ ಇನ್ನೂ ಹಾಗೇ ಇದೆ. ಅದೊಂದನ್ನು ಅಳಿಸಲು ನೀವು ಮರೆತಿದ್ದೀರಿ.

ಟ್ಯಾಕ್ಸಿ ಹೋದ ಮೇಲೆ ಸೂರ್ಯಕಾಂತಮ್ಮನವರನ್ನು ಕೇಳಿದೆ. "ಹೊರದೇಶದವರಿಗಿಂತ ಮೊದಲ ಹಕ್ಕು ನಿಮ್ಮದೇ ಅಂತ ಸಾರ್ ಕೈಗೆ ಫಾರಂ ಕೊಟ್ಟೆನಮ್ಮ. ಇಬ್ಬರ ಸಹಿಯೂ ಬಂತು. ಬೇಡ ಅಂದವರ ಮನೆಗೆ ಮಗೂನ ಯಾಕೆ ಕಳಿಸಲಿ?" ಅಂದರು. ಅವರದೇನೂ ತಪ್ಪಿಲ್ಲ.

ಇನ್ನೊಂದಿದೆ. ಇದು ನಿಮ್ಮ ತಲೆಗೆ ಕಟ್ಟುವಂಥದ್ದಲ್ಲ, ನನ್ನದೇ. ಫೈಲು ಬಿಚ್ಚಿದ ದಿನ ಇಂಗ್ರಿಡ್ ಮೂರನೆಯ ಹಾಳೆಯ ಕೆಳಗೆ ಬೆರಳಿಟ್ಟು, "ಅನಸೂಯಾ. ನಿಮ್ಮದೂ ಇದೇ ಹೆಸರಲ್ಲವೇ? ನಿಮ್ಮ ಕಡೆ ತುಂಬ ಜನಕ್ಕೆ ಈ ಹೆಸರಿರುತ್ತದೆಯೇ?" ಅಂತ ಕೇಳಿದಳು. ದುರ್ಗ ನನ್ನ ತೊಡೆಯ ಮೇಲೆ ಕೂತು ಬಳೆ ತಿರುಗಿಸುತ್ತಿದ್ದಳು.

ಹೌದು, ತುಂಬ ಜನಕ್ಕೆ ಇರುತ್ತದೆ ಅಂದೆ.