ಬಾನುಲಿಯಲ್ಲಿ ಓದದ ಉತ್ತರ

ಸೋಮವಾರ, ಮಧ್ಯಾಹ್ನ

ನನ್ನ ವಾದಗಿತ್ತಿಗೆ,

ಸರ್ಕಾರ ಕೊಟ್ಟ ಬಂಗಲೆಗೆ ನಾನು ಹೋದ ದಿನವೇ ಬೇರೆ ಹೋದ ಹೆಂಡತಿಗೆ ಪತ್ರ ಹೇಗೆ ಶುರುಮಾಡಬೇಕೋ ತಿಳಿಯದು. ಅದಕ್ಕೇ ಜೈಲಿನಲ್ಲಿದ್ದಾಗ ಕರೆಯುತ್ತಿದ್ದ ಹೆಸರಿನಲ್ಲೇ ಕರೆದಿದ್ದೇನೆ. ಸಿಟ್ಟಾಗಬೇಡ.

ಶುಕ್ರವಾರ ನಿನ್ನ ಭಾಷಣಕ್ಕೆ ಬಂದಿದ್ದೆ. ಕಂಬದ ಮರೆಯಲ್ಲಿ ಕೂತಿದ್ದೆ, ನಿನಗೆ ಕಾಣಲಿಲ್ಲ. ಅಭಿಮಾನದಿಂದ ಬಂದೆ ಎಂದುಕೊಳ್ಳಬೇಡ. ವಾರ್ತಾ ಇಲಾಖೆಯ ಕಾರ್ಯದರ್ಶಿ ಹಿಂದಿನ ದಿನ ಮನೆಗೆ ಬಂದು, ದೇಶಾಭಿಮಾನವನ್ನೇ ಪ್ರಶ್ನಿಸುವ ನಿನ್ನ ಪುಸ್ತಕ ಹುಡುಗರ ತಲೆ ಕೆಡಿಸುತ್ತಿದೆ, ಬಾನುಲಿಯಲ್ಲಿ ಅದಕ್ಕೆ ತಕ್ಕ ಉತ್ತರ ಕೊಡಲು ರಾಷ್ಟ್ರಗೀತೆ ಬರೆದ ನನಗಿಂತ ಯೋಗ್ಯರಿಲ್ಲ ಎಂದಿದ್ದ. ತಕ್ಷಣ ಒಪ್ಪಿಕೊಂಡೆ. ನಿನ್ನ ಮಾತಿನಲ್ಲಿ ಹುಳುಕು ಹುಡುಕಲೆಂದೇ ಬಂದದ್ದು.

ಹೊಟ್ಟೆಕಿಚ್ಚು ಎಂದು ನಗುತ್ತೀಯ. ನಗು. ನನ್ನ ಸಭೆಗಳಿಗೆ ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ಕೂರಿಸುತ್ತಾರೆ. ನಿನ್ನ ಸಭೆಯಲ್ಲಿ ಜನ ಕಿಟಕಿಗೆ ಜೋತುಬಿದ್ದಿದ್ದರು. ನೀರು ಕುಡಿಯಲು ನೀನು ಮಾತು ನಿಲ್ಲಿಸಿದರೆ ಒಬ್ಬರೂ ಕೆಮ್ಮಲಿಲ್ಲ. ನನ್ನ ಸಭೆಯಲ್ಲಿ ಕೆಮ್ಮಿಗೇನೂ ಬರವಿಲ್ಲ.

ಪರದೇಶದವರು ಬಿಟ್ಟುಹೋದ ಕುರ್ಚಿಗೆ ಹೊಸ ಗವುಸು ಹೊದಿಸಿ ನಾವು ಕೂತೆವು ಎಂದು ನೀನು ಹೇಳಿದೆ. ಬರೀ ಮಾತಿನ ಚಮತ್ಕಾರ ಎಂದು ನಾನು ಗುರುತು ಹಾಕಿಕೊಂಡೆ. ಆಮೇಲೆ ನೀನು ಬಂದರಿನ ಕೂಲಿಗಳ ವಿಷಯ ತೆಗೆದೆ. ಸಂಬಳ ಕೇಳಿ ಕೆಲಸ ನಿಲ್ಲಿಸಿದವರನ್ನು ಯಾವ ಕಾನೂನಿನಡಿ ಹಿಡಿದರೆಂದು ಓದಿ ಹೇಳಿದೆ. ನಮ್ಮಿಬ್ಬರನ್ನೂ ಪರದೇಶದವರು ಹಿಡಿದದ್ದು ಅದೇ ಕಾನೂನಿನಡಿ. ಒಂದಕ್ಷರ ಬದಲಾಗಿಲ್ಲ. ನನ್ನ ಪೆನ್ನು ಅಲ್ಲೇ ನಿಂತಿತು.

ಕೊನೆಗೆ ಒಬ್ಬ ಹುಡುಗಿ ಎದ್ದು, ದೇಶ ಬೇಡವೆನ್ನುವ ನೀವು ನಿಮ್ಮ ಗಂಡನ ಹಾಡಿಗೆ ಎದ್ದು ನಿಲ್ಲುತ್ತೀರಾ ಎಂದು ಕೇಳಿದಳು. ನೀನು ಹಾಡನ್ನು ಬೈಯಬೇಕು ಎಂದು ನಾನು ಹಾರೈಸಿದೆ. ಬೈದರೆ ನನ್ನ ಕೆಲಸ ಸುಲಭ. ನೀನು ಹೇಳಿದ್ದೇ ಬೇರೆ:

“ದೇಶ ಬೇಡ ಅಂತ ನಾನೆಲ್ಲಿ ಅಂದೆನಮ್ಮ? ದೇಶ ಪ್ರೀತಿಸೋಕೆ ಒಬ್ಬ ಶತ್ರು ಬೇಕೇ ಬೇಕು ಅನ್ನೋದಾದ್ರೆ ಅದು ಪ್ರೀತಿ ಅಲ್ಲ, ಚಟ. ಅವರು ಆ ಹಾಡನ್ನ ಜೈಲಲ್ಲಿ ಮೊದಲು ಹಾಡಿದಾಗ ಗೋಡೆ ಆಚೆ ಹೆಂಗಸರ ವಾರ್ಡಲ್ಲಿ ನಾನಿದ್ದೆ. ಅದರಲ್ಲಿ ಯಾರ ಮೇಲೂ ದ್ವೇಷ ಇರ್ಲಿಲ್ಲ. ಅದಕ್ಕೇ ಈಗಲೂ ಎದ್ದು ನಿಲ್ತೀನಿ. ಅದನ್ನ ಹಾಡಿಕೊಂಡು ಕೂಲಿಗಳನ್ನ ಹೊಡೆಯೋಕೆ ಹೊರಟ್ರೆ, ಆಗ ಕೂತ್ಕೋತೀನಿ.”

ಮನೆಗೆ ಬಂದು ಉರಿದುಹೋದೆ. ತನ್ನ ಹಾಡು ತನಗಿಂತ ಹೆಂಡತಿಗೆ ಚೆನ್ನಾಗಿ ಅರ್ಥವಾಗಿದೆ ಎಂಬುದನ್ನು ಯಾವ ಕವಿ ಸಹಿಸುತ್ತಾನೆ?

ನಿನ್ನೆ ಬಾನುಲಿ ಕೇಂದ್ರಕ್ಕೆ ಹೋದೆ. ಬರೆದದ್ದು ಜೇಬಿನಲ್ಲಿತ್ತು. ಖಾರವಾಗಿತ್ತು, ಓದಿದ್ದರೆ ನಿನಗೆ ನಾಟುತ್ತಿತ್ತು. ಮೈಕಿನ ಮುಂದೆ ಕೂತು, ಕೂಲಿಗಳನ್ನು ಯಾವಾಗ ಬಿಡುತ್ತೀರಿ ಎಂದು ಕಾರ್ಯದರ್ಶಿಯನ್ನು ಕೇಳಿದೆ. “ನಿಮಗ್ಯಾಕೆ ಸಾರ್ ಅದೆಲ್ಲ? ನೀವು ಕವಿಗಳು” ಎಂದ. ಪರದೇಶದ ಜೈಲಧಿಕಾರಿಯೂ ನನಗೆ ಇದನ್ನೇ ಹೇಳಿದ್ದ, ಇಷ್ಟೇ ಮರ್ಯಾದೆಯಿಂದ. ಎದ್ದು ಬಂದುಬಿಟ್ಟೆ.

ಬಂಗಲೆ ಖಾಲಿ ಮಾಡಲು ಬೆಳಿಗ್ಗೆ ಹೇಳಿಕಳಿಸಿದ್ದಾರೆ. ಅಕ್ಕನ ಮನೆಯ ಹಿಂದಿನ ಕೋಣೆಗೆ ಹೋಗುತ್ತಿದ್ದೇನೆ. ಅವಳಿಗೆ ಖುಷಿ, ಬೈಯಲು ಒಬ್ಬ ಸಿಕ್ಕಿದ.

ಇದೆಲ್ಲ ನಿನಗಾಗಿ ಮಾಡಿದೆ ಎಂದು ಎಲ್ಲೂ ಹೇಳಬೇಡ. ನಿನ್ನ ಪುಸ್ತಕದ ನಾಲ್ಕನೇ ಅಧ್ಯಾಯ ವಿಪರೀತ ಉದ್ದವಾಯಿತು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಇನ್ನೂ ನಿನ್ನವನೇ ಎಂದುಕೊಂಡಿರುವ,
ಹಾಡಿನವನು

ತಾ.ಕ.: ಸಭೆ ಮುಗಿದ ಮೇಲೆ ನಿನ್ನ ಕನ್ನಡಕ ಇಸಿದುಕೊಂಡು ತನ್ನ ಕರವಸ್ತ್ರದಲ್ಲಿ ಒರೆಸಿಕೊಟ್ಟನಲ್ಲ, ಆ ಎತ್ತರದ ಮನುಷ್ಯ, ಅವನು ಯಾರು? ಉತ್ತರ ಬರೆಯದಿದ್ದರೂ ಬೇಸರವಿಲ್ಲ. ಬರೆಯುವುದಾದರೆ ಇವತ್ತೇ ಬರೆ.